ರಕ್ತದ ಮಾತ್ರೆ

ಚಾಮರಾಜಪೇಟೆಯಲ್ಲಿ ಒಬ್ಬಟ್ಟು ಮಾಡಿ ಮಾರುವ ಮನೆಗಳಿಗೆ ಬರವಿಲ್ಲ. ಆದರೂ ಬಸವನಗುಡಿಯಿಂದ, ಮಲ್ಲೇಶ್ವರದಿಂದ ಕಾರಿನಲ್ಲಿ ಬಂದು, ಬಾಗಿಲಲ್ಲಿ ಕಾದು ನಿಂತು ಮಹಾನಂದಮ್ಮನ ಮನೆಯ ಒಬ್ಬಟ್ಟನ್ನೇ ಒಯ್ಯುವವರಿದ್ದರು. ರುಚಿ ಒಂದು ಕಾರಣ. ಇನ್ನೊಂದು ಕಾರಣ ಆ ಮನೆಯ ನೇಮ. ಹೊರಗಾದ ಹೆಂಗಸು ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ, ಹೂರಣ ಮುಟ್ಟುವಂತಿಲ್ಲ, ಆರ್ಡರ್ ಡಬ್ಬಿಗಳ ಹತ್ತಿರ ಸುಳಿಯುವಂತಿಲ್ಲ. "ವ್ರತಕ್ಕೆ ಇಡೋದು ಮಹಾನಂದಮ್ಮ, ಮನೇಲಿ ಎಲ್ಲ ಸರಿಯಾಗಿದೆ ತಾನೇ?" ಎಂದು ಕಣ್ಣಲ್ಲೇ ಸೊಸೆಯ ಕಡೆ ತೋರಿಸಿ ಕೇಳುವ ಗಿರಾಕಿಗಳೂ ಇದ್ದರು. ಬೇರೆಯವರ ಮನೆ ಸೊಸೆಯ ಮೈಯ ಸಮಾಚಾರ ಕೇಳಿಕೊಂಡರೇನೇ ಇವರ ದೇವರಿಗೆ ನೈವೇದ್ಯ ಗಂಟಲಲ್ಲಿ ಇಳಿಯುತ್ತಿತ್ತು ಅಂತ ಕಾಣುತ್ತದೆ.

ಆ ಮನೆಯಲ್ಲಿ ಹೆಂಗಸರು ಮೂವರು. ಮಹಾನಂದಮ್ಮನ ಅತ್ತೆ ಪಿಳ್ಳಮ್ಮಜ್ಜಿ ಎಂಬತ್ತು ದಾಟಿದವರು. ಹಜಾರದಲ್ಲಿ ಚಾಪೆ ಹಾಕಿಕೊಂಡು ಏಲಕ್ಕಿ ಸುಲಿಯುವುದು ಅವರ ಕೆಲಸ, ಬಾಯಿಗೆ ಬಂದದ್ದನ್ನು ಹೇಳುವುದು ಅವರ ಹಕ್ಕು. ಮಹಾನಂದಮ್ಮನಿಗೆ ನಲವತ್ತಾಗುವ ಮೊದಲೇ ಗರ್ಭಕೋಶ ತೆಗೆಸಿಯಾಗಿತ್ತು. ಅಲ್ಲಿಂದ ಈಚೆಗೆ ಅವರಿಗೆ ವರ್ಷವೆಲ್ಲ ಮಡಿ. ಉಳಿದವಳು ಸೊಸೆ ತೇಜಶ್ರೀ. ಕಣಕ ನಾದುವವಳು, ಲಟ್ಟಿಸುವವಳು, ಹೆಂಚಿನ ಮುಂದೆ ನಿಲ್ಲುವವಳು ಅವಳೇ ಆದ್ದರಿಂದ, ಮನೆಯ ನೇಮದ ಭಾರವೆಲ್ಲ ಅವಳೊಬ್ಬಳ ಮೈಮೇಲೆ ಬಿದ್ದಿತ್ತು. ಮಾವ ಪುಟ್ಟಯ್ಯ ಮಾಮೂಲ್‌ಪೇಟೆಯಿಂದ ಬೇಳೆ, ಬೆಲ್ಲ ತಂದು ಹಾಕಿ ಪೇಪರ್ ಹಿಡಿದರೆ ಮುಗಿಯಿತು. ಗಂಡ ಶಶಿಕುಮಾರ್ ಕಾರ್ ಶೋರೂಮಿನಲ್ಲಿ ಕೆಲಸಕ್ಕಿದ್ದ.

ಮದುವೆಯಾದ ಮೊದಲ ಶ್ರಾವಣದಲ್ಲೇ ಅತ್ತೆ ಕೇಳಿದ್ದರು.

"ತೇಜು, ವರಮಹಾಲಕ್ಷ್ಮಿ ಹೊತ್ತಿಗೆ ಸರಿಯಾಗಿ ನೀನು ಹೊರಗಾಗ್ತೀಯ. ಮುಂದಕ್ಕೆ ಹಾಕೋ ಮಾತ್ರೆ ಬರುತ್ತಲ್ಲ, ತರಿಸ್ಲಾ? ಎಲ್ಲರೂ ತಗೋತಾರೆ."

"ಬೇಡ ಅತ್ತೆ. ಮಗು ಬೇಗ ಆಗ್ಲಿ ಅಂತ ಇದೀವಿ. ಅಂಥದ್ದೆಲ್ಲ ನುಂಗಿ ಏನಾದ್ರೂ ಏರುಪೇರಾದ್ರೆ?"

"ಬೇಡ ಅಂದ್ರೆ ಬೇಡ ಬಿಡು. ದೇಹ ನಿಂದು."

ಅಷ್ಟೇ, ಇನ್ನೊಂದು ಮಾತಿಲ್ಲ. ಆ ವರ್ಷ ಹಬ್ಬದ ಹಿಂದಿನ ದಿನವೇ ಅವಳು ಹೊರಗಾದಳು. ಮಹಾನಂದಮ್ಮ ಒಬ್ಬರೇ ಹೆಂಚಿನ ಮುಂದೆ ನಿಂತು ಬೆಂದರು, ಅರ್ಧ ಆರ್ಡರ್ ಕೈತಪ್ಪಿತು, ಕೆಲವು ಗಿರಾಕಿಗಳು ಮುಖ ತಿರುಗಿಸಿಕೊಂಡು ಹೋದವರು ಮತ್ತೆ ಬರಲಿಲ್ಲ. ಬೇರೆ ಅತ್ತೆಯಾಗಿದ್ದರೆ ಮನೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದರು. ಇವರು ಹಿತ್ತಲ ರೂಮಿಗೆ ತಟ್ಟೆ ತಂದಿಟ್ಟು, "ಉಣ್ಣು, ಬೇಜಾರು ಮಾಡ್ಕೋಬೇಡ" ಅಂದರು. ತೇಜಶ್ರೀ ಶ್ರೀರಾಂಪುರದ ತವರಿಗೆ ಹೋದಾಗಲೆಲ್ಲ ಇದನ್ನು ಹೇಳಿ ಹೇಳಿ ತಾಯಿ ವಾಣಿಯ ಕಿವಿ ತೂತು ಮಾಡಿದ್ದಳು. "ಅತ್ತೆ ಅಂದ್ರೆ ನಮ್ಮತ್ತೆ ಕಣಮ್ಮ. ನೀನು ಹಡೆದೆ, ಅವರು ಅರ್ಥ ಮಾಡ್ಕೊಂಡ್ರು."

ಎರಡನೇ ವರ್ಷ ರಕ್ತಪರೀಕ್ಷೆಯಲ್ಲಿ ಅವಳಿಗೆ ರಕ್ತ ಕಡಿಮೆ ಎಂದು ಬಂತು. ಆ ಶ್ರಾವಣದಿಂದಲೇ ಅತ್ತೆಯ ಆರೈಕೆ ಶುರುವಾಯಿತು. ಸೊಂಟದ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆ ಒಂದು ಹಳೆಯ ಸುಣ್ಣದ ಡಬ್ಬಿ, ಮುಚ್ಚಳ ನೆಗ್ಗಿದ್ದು. ಅದರೊಳಗೆ ಬಿಳಿಯ ಪುಟ್ಟ ಮಾತ್ರೆಗಳು. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು, ಸಂಜೆ ಬಿಸಿ ಹಾಲಿನ ಜೊತೆ ಒಂದು.

"ತಗೋ, ರಕ್ತದ ಮಾತ್ರೆ. ನಮ್ಮೂರಿನ ಪಂಡಿತರು ಕೈಯಾರೆ ಮಾಡಿಕೊಡೋದು. ಎಲ್ಲೂ ಸಿಗಲ್ಲ."

ತೇಜಶ್ರೀ ಬಿ.ಕಾಂ. ಓದಿದವಳು. ಅಂಗಡಿಯಲ್ಲಿ ಮೊಸರಿನ ಪ್ಯಾಕೆಟ್ ಕೊಂಡರೂ ತಿರುಗಿಸಿ ತಾರೀಖು ನೋಡುವವಳು. ಅತ್ತೆಯ ಕೈಯಿಂದ ಬಂದದ್ದನ್ನು ಮಾತ್ರ ನೋಡದೆ ನುಂಗಿದಳು. ಹಬ್ಬ ಮುಗಿದ ಮಾರನೇ ದಿನ ಅತ್ತೆ, "ಉಷ್ಣ ಆಗುತ್ತೆ, ಈಗ ಸ್ವಲ್ಪ ದಿನ ಬಿಡು" ಅನ್ನುತ್ತಿದ್ದರು; ಅದಕ್ಕೂ ಹೂಂ ಅಂದಳು. ನಂಬಿದವರ ಕೈಯನ್ನು ಯಾರಾದರೂ ತಿರುಗಿಸಿ ನೋಡುತ್ತಾರೆಯೇ?

ಮನೆಯಲ್ಲಿ ಇನ್ನೊಂದು ಹೆಣ್ಣುಜೀವವೂ ಇತ್ತು. ಸಿಂಗಾರಿ, ಬಿಳಿ ಪೊಮೇರಿಯನ್. ಮಹಾನಂದಮ್ಮನ ಜೀವವೆಲ್ಲ ಅದರಲ್ಲೇ. ಅವರು ಹೂರಣ ರುಬ್ಬುವಾಗ ಅದು ಹೊಸ್ತಿಲಾಚೆ ಕೂತು ನೋಡುತ್ತಿತ್ತು. ಆ ನಾಯಿಗೂ ಮನೆಯ ನೇಮ ಗೊತ್ತಿತ್ತು, ಹೊಸ್ತಿಲು ದಾಟುತ್ತಿರಲಿಲ್ಲ. ಮೊದಲ ಒಬ್ಬಟ್ಟಿನ ಹೂರಣದ ಉಂಡೆ ಅದಕ್ಕೆ. ದೇವರಿಗೆ ಎರಡನೆಯದು ಎಂದು ಪಿಳ್ಳಮ್ಮಜ್ಜಿ ಗೊಣಗುವರು.

ಈ ಸಲ ಆಷಾಢ ಮುಗಿಯುವ ಹೊತ್ತಿಗೆ ಸಿಂಗಾರಿ ಹೀಟ್‌ಗೆ ಬಂತು. ಹಜಾರದ ಕೆಂಪು ನೆಲದ ಮೇಲೆ ಅಲ್ಲಲ್ಲಿ ತೊಟ್ಟು. ಗೇಟಿನಾಚೆ ಬೀದಿಯ ಗಂಡುನಾಯಿಗಳ ದಂಡು. ಭೀಮನ ಅಮಾವಾಸ್ಯೆಗೆ ಆರ್ಡರ್ ಕೊಡಲು ಬಂದ ಹೆಂಗಸೊಬ್ಬಳು ಸೀರೆ ಎತ್ತಿ ಹಿಡಿದು, "ಇದೇನ್ರೀ ಇದು, ಛೀ!" ಎಂದು ಮೆಟ್ಟಿಲಿಂದಲೇ ವಾಪಸ್ಸಾದಳು.

"ಅಮ್ಮ, ಆಪರೇಷನ್ ಮಾಡಿಸ್ಬಿಡೋಣ. ಹೆಣ್ಣುನಾಯಿಗೆ ಅದೇ ಒಳ್ಳೇದಂತೆ" ಎಂದ ಶಶಿಕುಮಾರ್.

"ಮುಚ್ಕೊಂಡಿರೋ! ಬಾಯಿಲ್ಲದ ಜೀವದ ಹೊಟ್ಟೆ ಕುಯ್ಯಿಸೋದಾ? ನನ್ನ ಹೊಟ್ಟೆ ಕುಯ್ಸಿದ್ದು ಸಾಲದಾ?"

ಕೆಲವೇ ದಿನಗಳಲ್ಲಿ ನೆಲದ ಮೇಲಿನ ತೊಟ್ಟು ನಿಂತುಹೋಯಿತು. ಬೀದಿನಾಯಿಗಳೂ ಚದುರಿದವು.

"ಏನು ಮಾಡಿದ್ರಿ ಅತ್ತೆ, ಇಷ್ಟು ಬೇಗ?" ತೇಜಶ್ರೀ ಕೇಳಿದಳು.

"ಮನೆಮದ್ದು" ಅಂದರು ಮಹಾನಂದಮ್ಮ.

ಪಿಳ್ಳಮ್ಮಜ್ಜಿ ಚಾಪೆಯಿಂದಲೇ ನಕ್ಕರು. "ನಾಯಿಗೂ ಹೊರಗಾಗಕ್ಕೆ ಬಿಡಲ್ಲ ಈ ಮನೇಲಿ."

*

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು. ತೇಜಶ್ರೀಗೆ ದಿನ ಮೀರಿತ್ತು.

ಹೋದ ವರ್ಷವೂ ಹೀಗೇ ಆಗಿತ್ತು: ಶ್ರಾವಣದಲ್ಲಿ ಒಮ್ಮೆ, ದಸರಾದಲ್ಲಿ ಒಮ್ಮೆ, ದೀಪಾವಳಿಗೆ ಒಮ್ಮೆ. ಪ್ರತಿ ಸಲವೂ ಆಸೆ, ಪ್ರತಿ ಸಲವೂ ಹಬ್ಬ ಮುಗಿಯುತ್ತಿದ್ದಂತೆ ಅದು ಹರಿದುಹೋಗುವುದು. ಈ ಸಲ ಬೇರೆ ಎಂದು ಅವಳಿಗೆ ಯಾಕೋ ಅನ್ನಿಸಿತು. ಎದೆ ಭಾರ, ಬೆಳಿಗ್ಗೆ ಹೊಟ್ಟೆ ತೊಳಸುವುದು. ಚಾಮರಾಜಪೇಟೆಯ ಮೆಡಿಕಲ್‌ನವನಿಗೆ ಮನೆಮಂದಿಯೆಲ್ಲ ಗುರುತು. ಅದಕ್ಕೇ ಹೂವು ತರುವ ನೆಪದಲ್ಲಿ ಗಾಂಧಿ ಬಜಾರಿಗೆ ಹೋಗಿ ಟೆಸ್ಟ್ ಮಾಡುವ ಕಿಟ್ ಕೊಂಡು, ಮಲ್ಲಿಗೆ ಹೂವಿನ ಪೊಟ್ಟಣದ ಕೆಳಗೆ ಇಟ್ಟುಕೊಂಡು ಬಂದಳು. ಒಂದೇ ಗೆರೆ ಬಂತು. ಇನ್ನೂ ಬೇಗ ಇರಬಹುದು, ಗೆರೆ ಆಮೇಲೆ ಬರುತ್ತೆ ಎಂದು ತನಗೆ ತಾನೇ ಹೇಳಿಕೊಂಡಳು.

ಬೆಳಿಗ್ಗೆ ಶಶಿಕುಮಾರ್ ಶೂ ಹಾಕಿಕೊಳ್ಳುವಾಗ ಮೆಲ್ಲಗೆ ಹೇಳಿದಳು. "ರೀ, ಈ ಸಲ ದಿನ ಮೀರಿದೆ. ಯಾರಿಗೂ ಹೇಳ್ಬೇಡಿ."

ಅವನು ಲೇಸು ಕಟ್ಟುವುದನ್ನು ನಿಲ್ಲಿಸಲಿಲ್ಲ. "ನೋಡೋಣ. ಜಾಸ್ತಿ ಆಸೆ ಇಟ್ಕೋಬೇಡ."

ಅವನಿಗೂ ಭಯ, ಅದಕ್ಕೇ ಹೀಗಂತಾನೆ ಅಂದುಕೊಂಡಳು. ಎಂಥ ಪೆದ್ದಿ!

ಆ ವಾರ ಮನೆಯಲ್ಲಿ ಒಲೆ ಆರಲಿಲ್ಲ. ತೊಗರಿಬೇಳೆ ಬೇಯುವ ವಾಸನೆ, ಬೆಲ್ಲ ಕರಗುವ ವಾಸನೆ. ಊಟಕ್ಕೆ ಕೂತಾಗ ಪಿಳ್ಳಮ್ಮಜ್ಜಿ ಅವಳ ತಟ್ಟೆ ನೋಡಿದರು. "ಏನೇ ತೇಜು, ಉಪ್ಪಿನಕಾಯಿ ಮೇಲೆ ಉಪ್ಪಿನಕಾಯಿ ಹಾಕ್ಕೋತಿದೀಯ? ಏನಾದ್ರೂ ವಿಶೇಷಾನಾ?"

ತೇಜಶ್ರೀಯ ಕೆನ್ನೆ ಕೆಂಪಾಯಿತು.

"ಸುಮ್ನೆ ಊಟ ಮಾಡಿ ಅತ್ತೆ" ಎಂದು ಮಹಾನಂದಮ್ಮ ಗದರಿದರು. "ಇಲ್ಲದ್ದು ಹೇಳಿ ಹುಡುಗಿಗೆ ಆಸೆ ಹತ್ತಿಸ್ಬೇಡಿ."

ಅತ್ತೆಗೆ ತನ್ನ ಮೇಲೆ ಎಷ್ಟು ಕಾಳಜಿ ಎಂದುಕೊಂಡಳು ತೇಜಶ್ರೀ. ಸಂಜೆ ಹಾಲಿನ ಜೊತೆ ಬಂದ ಮಾತ್ರೆಯನ್ನು ಕಣ್ಣಿಗೊತ್ತಿಕೊಂಡು ನುಂಗಿದಳು.

ಹಬ್ಬ ಮುಗಿಯಿತು, ಮಾತ್ರೆ ನಿಂತಿತು. ಅದಾದ ಮೂರನೇ ದಿನ ಬೆಳಿಗ್ಗೆ ಬಚ್ಚಲಲ್ಲಿ ಅವಳಿಗೆ ಸೊಂಟ ಕಿತ್ತುಬಂತು. ಈ ಸಲ ಹೋದದ್ದು ರಕ್ತವಲ್ಲ, ಗಡ್ಡೆ ಗಡ್ಡೆ. ನಿಲ್ಲಲೇ ಇಲ್ಲ. ಹಿತ್ತಲ ರೂಮಿನ ಚಾಪೆಯ ಮೇಲೆ ಮುದುರಿಕೊಂಡು ಬಿದ್ದು, ತನ್ನ ಮೈಯನ್ನೇ ಬೈದುಕೊಂಡಳು. ಒಂದು ಜೀವ ಹಿಡಿದಿಟ್ಟುಕೊಳ್ಳಲು ಬಾರದ ಮೈ. ಸಿಂಗಾರಿ ಬಂದು ಅವಳ ಕಾಲ ಹತ್ತಿರ ಮಲಗಿತು. ಹೊರಗಾದವಳನ್ನು ಮುಟ್ಟಿದರೂ ಯಾರೂ ಬೈಯದಿದ್ದದ್ದು ಅದೊಂದನ್ನೇ.

ವಿಷಯ ತಿಳಿದು ವಾಣಿ ಫೋನಿನಲ್ಲೇ ಕೂಗಾಡಿದರು. "ಇಷ್ಟು ಹೋಗ್ತಿದ್ರೂ ಮನೇಲಿಟ್ಟುಕೊಂಡು ಕೂತಿದಾರಾ? ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಕ್ಕೆ ಹೇಳು ಶಶಿಗೆ, ಇಲ್ಲಾ ನಾನೇ ಬರ್ತೀನಿ."

ಶಶಿಕುಮಾರ್ ರಜ ಹಾಕಿ ಕರೆದುಕೊಂಡು ಹೋದ. ಲೇಡಿ ಡಾಕ್ಟರ್ ಎಲ್ಲ ಕೇಳಿ, "ಯಾವುದಾದ್ರೂ ಮಾತ್ರೆ ತಗೋತಿದೀಯಾಮ್ಮ?" ಎಂದರು.

"ರಕ್ತದ ಮಾತ್ರೆ ಮೇಡಂ. ನಮ್ಮ ಅತ್ತೆ ಊರಿನ ಪಂಡಿತರದ್ದು."

"ಏನಿರುತ್ತೆ ಅದ್ರಲ್ಲಿ?"

ತೇಜಶ್ರೀ ಗಂಡನ ಮುಖ ನೋಡಿದಳು. ಅವನು ಮೊಬೈಲಿನಿಂದ ತಲೆಯೆತ್ತಿದ. "ಬರೀ ಬೇರು ನಾರು ಮೇಡಂ. ಮನೇಲಿ ಎಲ್ಲರೂ ತಗೋತಾರೆ."

"ಹಾಗಾದ್ರೆ ಹೀಗೆ ಏರುಪೇರಾಗ್ತಿರೋದಕ್ಕೆ ಕಾರಣ ಹುಡುಕಬೇಕು. ಮಕ್ಕಳೂ ಆಗಿಲ್ಲ. ರಕ್ತ ನಿಂತ ಮೇಲೆ ಒಂದು ಟೆಸ್ಟ್ ಮಾಡೋಣ. ಗರ್ಭಕೋಶಕ್ಕೆ ಡೈ ಬಿಟ್ಟು ಎಕ್ಸ್‌ರೇ ತೆಗೀತಾರೆ. ಸ್ವಲ್ಪ ನೋವಾಗುತ್ತೆ."

ಆದ ನೋವು ಸ್ವಲ್ಪವಲ್ಲ. ತೇಜಶ್ರೀ ಆ ಮೇಜಿನ ಮೇಲೆ ದುಪಟ್ಟಾ ಬಾಯಿಗೆ ತುರುಕಿಕೊಂಡರೂ ಕಿರುಚಿದಳು. ಹೊರಗೆ ಬಂದಾಗ ಶಶಿಕುಮಾರ್ ಎಳನೀರು ಹಿಡಿದುಕೊಂಡು ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ನನ್ನ ನೋವು ನೋಡಲಾರದೆ ಹೀಗಾಗಿದ್ದಾನೆ ಎಂದುಕೊಂಡು ಅವಳೇ ಅವನ ಬೆನ್ನು ಸವರಿದಳು.

ಎಲ್ಲವೂ ಸರಿಯಾಗಿದೆ, ಯಾವ ಅಡ್ಡಿಯೂ ಕಾಣುತ್ತಿಲ್ಲ ಎಂದು ಬಂತು. ಡಾಕ್ಟರಿಗೇ ಅರ್ಥವಾಗಲಿಲ್ಲ. ಮನೆಗೆ ಬಂದು ತೇಜಶ್ರೀ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಅತ್ತಳು. "ಎಲ್ಲ ಸರಿಯಿದ್ರೆ ಯಾಕೆ ಅತ್ತೆ ಹೀಗಾಗುತ್ತೆ?"

"ದೇವರು ಕಣ್ಣು ಬಿಡ್ಬೇಕು ಕಣೇ" ಎಂದರು ಮಹಾನಂದಮ್ಮ, ಅವಳ ತಲೆ ನೇವರಿಸುತ್ತಾ. "ಎಷ್ಟು ರಕ್ತ ಹೋಗಿದೆ ನೋಡು ನಿಂಗೆ. ನಾಳೆಯಿಂದ ಮತ್ತೆ ಮಾತ್ರೆ ಶುರು ಮಾಡೋಣ."

ಗೌರಿಹಬ್ಬಕ್ಕೆ ಆರ್ಡರ್ ಬರಲು ಶುರುವಾಗಿತ್ತು.

*

ಸಿಂಗಾರಿ ಊಟ ಬಿಟ್ಟದ್ದು ಆಗಲೇ. ಬರೀ ನೀರು, ನೀರು. ಬೋಗುಣಿ ತುಂಬಿಸಿದಷ್ಟೂ ಖಾಲಿ. ಹೂರಣದ ಉಂಡೆ ಮೂಗಿನ ಹತ್ತಿರ ಹಿಡಿದರೂ ತಿರುಗಿ ಮಲಗಿತು. ಹೊಟ್ಟೆ ಊದಿತು. ಬಾಲದ ಕೆಳಗೆ ಕೀವು ಸೋರಿ ಬಿಳಿ ಕೂದಲೆಲ್ಲ ಅಂಟಿಕೊಂಡಾಗ ಮಹಾನಂದಮ್ಮ ಹೆಂಚನ್ನು ಹಾಗೇ ಒಲೆಯ ಮೇಲೆ ಬಿಟ್ಟು ಓಡಿಬಂದರು. ಆರ್ಡರ್ ಬರೆಸಲು ಬಂದು ನಿಂತಿದ್ದವರಿಗೆ, "ಇವತ್ತು ಏನೂ ಇಲ್ಲ, ಹೋಗಿ!" ಎಂದರು. ಹಾಗೆ ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಸೊಸೆಗೆ ಗಡ್ಡೆಗಡ್ಡೆಯಾಗಿ ರಕ್ತ ಹೋಗುತ್ತಿದ್ದಾಗಲೂ ಹೆಂಚು ಇಳಿದಿರಲಿಲ್ಲ.

ಅತ್ತೆ ಸೊಸೆ ಇಬ್ಬರೂ ಆಟೋದಲ್ಲಿ ಸಿಂಗಾರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸವನಗುಡಿಯ ನಾಯಿ ಡಾಕ್ಟರ್ ವಿಶಾಖಾ ಅವರ ಹತ್ತಿರ ಹೋದರು. ಡಾಕ್ಟರ್ ಹೊಟ್ಟೆ ಮುಟ್ಟಿ, ಸ್ಕ್ಯಾನ್ ಮಾಡಿ, ತಲೆಯಾಡಿಸಿದರು.

"ಗರ್ಭಕೋಶದ ತುಂಬ ಕೀವು. ಇವತ್ತೇ ತೆಗೀಬೇಕು, ಇಲ್ಲಾಂದ್ರೆ ಉಳಿಯಲ್ಲ. ಹೀಟ್‌ಗೆ ಬಂದದ್ದು ಯಾವಾಗ?"

"ಆಷಾಢ ಕಳೆಯೋ ಹೊತ್ತಿಗೆ."

"ಅದನ್ನ ನಿಲ್ಸೋಕೆ ಏನಾದ್ರೂ ಕೊಟ್ರಾ? ಇಂಜೆಕ್ಷನ್ನು, ಮಾತ್ರೆ? ನಿಜ ಹೇಳಿಮ್ಮ. ಬಚ್ಚಿಟ್ರೆ ಇದರ ಪ್ರಾಣಕ್ಕೆ ಬರುತ್ತೆ."

ಮಹಾನಂದಮ್ಮ ಒಮ್ಮೆ ಸೊಸೆಯ ಕಡೆ ನೋಡಿದರು. ಆಮೇಲೆ ಮೇಜಿನ ಮೇಲೆ ಅದುರುತ್ತಿದ್ದ ಸಿಂಗಾರಿಯನ್ನು ನೋಡಿದರು. ಕೈ ತಾನಾಗಿಯೇ ಸೊಂಟದ ಸಂಚಿಗೆ ಹೋಯಿತು. ನೆಗ್ಗಿದ ಮುಚ್ಚಳದ ಸುಣ್ಣದ ಡಬ್ಬಿ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟರು.

"ಇದೇ ಡಾಕ್ಟ್ರೇ. ಹೆಂಗಸರು ಮುಟ್ಟು ಮುಂದಕ್ಕೆ ಹಾಕೋಕೆ ತಗೋತಾರಲ್ಲ, ಅದು. ಸಣ್ಣ ಜೀವ ಅಂತ ಅರ್ಧರ್ಧ ಮಾಡಿ ಹೂರಣದಲ್ಲಿಟ್ಟು ಕೊಟ್ಟೆ. ತಪ್ಪಾಯ್ತು. ಹೆಂಗಾದ್ರೂ ಮಾಡಿ ಉಳಿಸ್ಕೊಡಿ ತಾಯಿ."

"ಅಯ್ಯೋ, ಮನುಷ್ಯರ ಮಾತ್ರೆನಾ! ನಾಯಿಗೆ ಇಂಥದ್ದು ಕೊಟ್ರೆ ಹೀಗೇ ಆಗೋದು ಕಣ್ರೀ" ಎಂದು ಡಾಕ್ಟರ್ ಸೂಜಿ ಸಿದ್ಧ ಮಾಡುತ್ತಾ ತೇಜಶ್ರೀಗೆ ಹೇಳಿದರು, "ಮುಂಗಾಲು ಗಟ್ಟಿಯಾಗಿ ಹಿಡ್ಕೊಮ್ಮ. ಬಿಟ್ಟುಬಿಡ್ಬೇಡ."

ತೇಜಶ್ರೀ ಬಿಡಲಿಲ್ಲ. ಅವಳ ಕಣ್ಣು ಡಬ್ಬಿಯ ಮೇಲಿತ್ತು. ಅದೇ ನೆಗ್ಗು, ಅದೇ ಬಿಳಿಯ ಪುಟ್ಟ ಮಾತ್ರೆ. ಆ ದಿನ ಬೆಳಿಗ್ಗೆ ಅದರಿಂದ ಬಂದದ್ದು ಅವಳ ಹೊಟ್ಟೆಯಲ್ಲಿತ್ತು.

ಸಿಂಗಾರಿಯನ್ನು ಒಳಗೆ ಒಯ್ದರು. ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು, ನಡುವೆ ಖಾಲಿ ಟವೆಲ್ಲು.

"ಅತ್ತೆ."

"ಮನೇಗೆ ಹೋಗಿ ಮಾತಾಡೋಣ ತೇಜು."

"ಪಂಡಿತರು ಕೈಯಾರೆ ಮಾಡಿದ್ದು ಅಂದ್ರಿ."

ಮಹಾನಂದಮ್ಮ ಖಾಲಿ ಟವೆಲ್ಲನ್ನು ಎತ್ತಿ ಮಡಚತೊಡಗಿದರು.

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ತಗೋತಿದ್ಯಾ?"

"ಇಲ್ಲ."

"ಮತ್ತೆ? ಅದಕ್ಕೇ ಹೇಳ್ಲಿಲ್ಲ." ಮಹಾನಂದಮ್ಮನ ದನಿಯಲ್ಲಿ ಈಗ ಸಿಟ್ಟು ಬಂತು, ಸಿಕ್ಕಿಬಿದ್ದವರಿಗೆ ಬರುವ ಸಿಟ್ಟು. "ನಾನೇನು ವಿಷ ಹಾಕಿದ್ನಾ? ನಾನೂ ನುಂಗಿದೀನಿ, ವರ್ಷಗಟ್ಟಲೆ. ನನಗೆ ಮಗ ಹುಟ್ಟಲಿಲ್ವಾ? ನೀವಿಬ್ರೂ ಉಣ್ತಿರೋದು ಆ ಒಬ್ಬಟ್ಟಿನಿಂದ್ಲೇ ತಾನೇ? ಮಗು ಮುಂದಿನ ವರ್ಷ ಆದ್ರೂ ಆಗುತ್ತೆ ಕಣೇ. ಹೋದ ಗಿರಾಕಿ ವಾಪಸ್ ಬರಲ್ಲ."

"ದಿನ ಮೀರಿದೆ ಅಂತ ನಾನು ಆಸೆ ಪಟ್ಕೊಂಡು ಓಡಾಡ್ತಿದ್ನಲ್ಲ ಅತ್ತೆ. ನೋಡ್ತಿದ್ರಲ್ಲ. ಒಂದು ದಿನ, ಒಂದೇ ಒಂದು ದಿನ ನಿಮಗೆ ಅಯ್ಯೋ ಅನ್ನಿಸ್ಲಿಲ್ವಾ?"

"ಅನ್ನಿಸ್ತು" ಅಂದರು ಮಹಾನಂದಮ್ಮ. ಅನ್ನಿಸಿಯೂ ಸಂಜೆಯ ಹಾಲು ಕಾಯಿಸಿದ್ದರು, ಅಷ್ಟೇ.

ಅಷ್ಟರಲ್ಲಿ ಶಶಿಕುಮಾರ್ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ಕೈಯಲ್ಲಿ ಹಿಡಿದು ಓಡಿಬಂದ. "ಸಿಂಗಾರಿ ಹೆಂಗಿದೆ? ಡಾಕ್ಟರ್ ಏನಂದ್ರು?"

ತೇಜಶ್ರೀ ಎದ್ದು ನಿಂತಳು. ಅವಳಿಗೆ ಇನ್ನೂ ಒಂದು ಆಸೆಯಿತ್ತು: ಇವನಿಗೆ ಗೊತ್ತಿರಲಾರದು, ಇವನಿಗೂ ಮೋಸವಾಗಿದೆ.

"ಅತ್ತೆ ನಂಗೆ ಕೊಡ್ತಿದ್ದ ಮಾತ್ರೆ ಯಾರು ತಂದುಕೊಡ್ತಿದ್ರು?"

ಅವನು ತಾಯಿಯ ಮುಖ ನೋಡಿದ. ಆ ಒಂದು ನೋಟದಲ್ಲೇ ಅವಳಿಗೆ ಉತ್ತರ ಸಿಕ್ಕಿತು.

"ತೇಜು, ನೋಡು, ಅಮ್ಮ ಹೇಳಿದ್ರು, ಹಬ್ಬದ ದಿನಗಳು ಮಾತ್ರ ತಾನೇ ಅಂತ..."

"ನೀನು ತಂದ್ಯಾ?"

ಮೂರು ವರ್ಷದಲ್ಲಿ ಅವಳು ಅವನನ್ನು ನೀನು ಅಂದದ್ದು ಅದೇ ಮೊದಲು.

"ಎಲ್ಲರೂ ತಗೋಳ್ಳೋ ಮಾತ್ರೆ ಕಣೇ. ಏನೂ ಆಗಲ್ಲ ಅಂತ ಮೆಡಿಕಲ್‌ನವನೂ ಅಂದ."

"ನಾನು ಆ ಡೈ ಹಾಕಿಸ್ಕೊಂಡು ಕಿರುಚುವಾಗ ನೀನು ಬಾಗಿಲಲ್ಲಿ ನಿಂತಿದ್ದೆ. ಡಾಕ್ಟ್ರು ನಿನ್ನೆದುರಿಗೇ ಕೇಳಿದ್ರು. ಬೇರು ನಾರು ಅಂದೆ. ಅವತ್ತು ಒಂದು ಮಾತು ಹೇಳಿದ್ರೆ ಆ ಟೆಸ್ಟೇ ಬೇಕಾಗಿರಲಿಲ್ಲ. ಗೊತ್ತಿದ್ದೂ ಎಳನೀರು ತಂದೆ!"

"ಮನೆ ವಿಷಯ ಹೊರಗಿನವರ ಮುಂದೆ ಹೆಂಗೆ..."

"ನಿಮ್ಮಮ್ಮ ಈಗ ತಾನೇ ಹೊರಗಿನವರ ಮುಂದೆ ಹೇಳಿದ್ರು ಶಶಿ. ಡಾಕ್ಟ್ರು ಎರಡನೇ ಸಲ ಕೇಳೋ ಮೊದಲೇ ಡಬ್ಬಿ ಬಿಚ್ಚಿಟ್ರು. ನಾಯಿಗೋಸ್ಕರ."

ಬೆಂಚಿನ ಮೇಲೆ ಕೂತಿದ್ದ ಯಾರೋ ಬೆಕ್ಕಿನ ಬುಟ್ಟಿ ಎತ್ತಿಕೊಂಡು ಆಚೆ ಹೋದರು. ಮಹಾನಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾರಿಗಾಗಿ ಎಂದು ತೇಜಶ್ರೀ ಕೇಳಲಿಲ್ಲ.

*

ಸಿಂಗಾರಿ ಉಳಿಯಿತು. ಹೊಟ್ಟೆಗೆ ಬ್ಯಾಂಡೇಜು, ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಕೊರಳಪಟ್ಟಿ. ಅದನ್ನು ಹಿತ್ತಲ ರೂಮಿನಲ್ಲಿ ಮಲಗಿಸಿದರು. ಡಾಕ್ಟರ್ ಬರೆದ ಮಾತ್ರೆಗಳನ್ನು ಅದು ಬೇರೆ ಯಾರ ಕೈಯಿಂದಲೂ ಮುಟ್ಟದು. ಮಹಾನಂದಮ್ಮ ಹೂರಣದಲ್ಲಿಟ್ಟು ಹಿಡಿದರೆ ಮಾತ್ರ ನಾಲಿಗೆ ಚಾಚುತ್ತಿತ್ತು.

ತೇಜಶ್ರೀಯೂ ಅದೇ ರೂಮಿಗೆ ಹಾಸಿಗೆ ತಂದುಕೊಂಡಳು. ಲೇಡಿ ಡಾಕ್ಟರಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದಳು. ಅವರು, "ಎಲ್ಲ ನಿಲ್ಸು. ಮೈ ತನ್ನ ಪಾಡಿಗೆ ತಾನು ಸರಿಹೋಗಕ್ಕೆ ಬಿಡು. ನಿನ್ನಲ್ಲಿ ಏನೂ ಕೊರತೆ ಕಾಣ್ತಿಲ್ಲಮ್ಮ" ಅಂದರು. ಆ ಮಾತು ಕೇಳಿ ಸಂತೋಷಪಡಬೇಕಾಗಿತ್ತು. ಫೋನಿಟ್ಟು ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಒಂದು ವರ್ಷ ತನ್ನ ಮೈಯನ್ನು ತಾನೇ ಶಪಿಸಿಕೊಂಡಿದ್ದಳು.

ಮಾವ ಪುಟ್ಟಯ್ಯ ಬಾಗಿಲಲ್ಲಿ ನಿಂತು, "ಹಬ್ಬ ಒಂದು ಕಳೀಲಮ್ಮ, ಆಮೇಲೆ ಎಲ್ಲ ಕೂತು ಮಾತಾಡೋಣ" ಎಂದು ಪೇಪರಿಗೆ ಮರಳಿದರು. ಪಿಳ್ಳಮ್ಮಜ್ಜಿ ಮಾತ್ರ ಗೋಡೆ ಹಿಡಿದು ನಡೆದುಬಂದು ಅವಳ ಪಕ್ಕ ಕೂತರು.

"ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋದು ಮಗಾ? ನಮ್ಮ ಕಾಲದಲ್ಲಿ ಹೊರಗೆ ಕೂರ್ಸೋರು. ಅವಮಾನವೇ ಅನ್ನು. ಆದ್ರೆ ಆ ಮೂರು ದಿನ ಸೊಂಟಕ್ಕೆ ರಜ ಇತ್ತು. ನಿಮ್ಮಿಂದ ಅದನ್ನೂ ಕಿತ್ಕೊಂಡ್ರಲ್ಲೇ."

"ನಿಮಗೆ ಗೊತ್ತಿತ್ತಾ ಅಜ್ಜಿ?"

"ನನಗ್ಯಾರು ಹೇಳ್ತಾರೆ? ಗೊತ್ತಿದ್ರೆ ಊರಿಗೆಲ್ಲ ಗೊತ್ತಿರ್ತಿತ್ತು."

ಅಷ್ಟೂ ದಿನಗಳಲ್ಲಿ ತೇಜಶ್ರೀ ನಕ್ಕದ್ದು ಆಗ ಮಾತ್ರ.

ಗೌರಿಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವಳು ಹೊರಗಾದಳು. ಮಧ್ಯಾಹ್ನ ತಾಯಿ ವಾಣಿಗೆ ಫೋನು ಮಾಡಿ, ಸಂಜೆ ಬಂದು ಕರೆದುಕೊಂಡು ಹೋಗು ಎಂದಳು. ಹಬ್ಬಕ್ಕೆ ಮಗಳು ತವರಿಗೆ ಹೋಗುವುದು ಲೋಕರೂಢಿ. ಬೀದಿಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಈ ಸಲ ಹೋದವಳು ಯಾವಾಗ ಬರುತ್ತಾಳೆ ಎಂಬುದನ್ನು ಅವಳು ತನಗೇ ಹೇಳಿಕೊಂಡಿರಲಿಲ್ಲ. ಶಶಿಕುಮಾರ್ ಬಾಗಿಲಿಗೆ ಬಂದು, "ನಾನೂ ಬಿಡಕ್ಕೆ ಬರ್ಲಾ?" ಎಂದ. "ಬೇಡ" ಅಂದಳು.

ಬ್ಯಾಗಿಗೆ ಬಟ್ಟೆ ಹಾಕಿಕೊಳ್ಳುವಾಗ ಹಜಾರದಿಂದ ಗಿರಾಕಿಯ ದನಿ ಕೇಳಿತು. "ಗೌರಿಗೆ ಇಡೋದು ಮಹಾನಂದಮ್ಮ. ಮನೇಲಿ ಎಲ್ಲ ಸರಿಯಾಗಿದೆ ತಾನೇ? ಸೊಸೆ ಕಾಣ್ತಿಲ್ಲ?"

"ಎಲ್ಲ ಸರಿಯಾಗಿದೆ. ತವರಿಗೆ ಹೊರಟಿದಾಳೆ, ಬಾಗಿನ ಕೊಡೋಕೆ."

ಅಷ್ಟು ನಯವಾಗಿ, ಅಷ್ಟು ತುಂಬಿದ ದನಿಯಲ್ಲಿ. ರಕ್ತದ ಮಾತ್ರೆ ಅಂದದ್ದೂ ಇದೇ ದನಿಯಲ್ಲಿ. ದೇಹ ನಿಂದು ಅಂದದ್ದೂ ಇದೇ ದನಿಯಲ್ಲಿ. ತೇಜಶ್ರೀ ಬ್ಯಾಗಿನ ಜಿಪ್ಪು ಎಳೆದಳು.

ಸಂಜೆ ಆಟೋ ಬಂದು ಗೇಟಿನಲ್ಲಿ ನಿಂತಿತು. ವಾಣಿ ಒಳಗೆ ಬರಲಿಲ್ಲ, ಆಟೋದಲ್ಲೇ ಕೂತಿದ್ದರು. ಆಗ ಮಹಾನಂದಮ್ಮ ಹಿತ್ತಲ ರೂಮಿಗೆ ಬಂದರು. ಕೈಯಲ್ಲಿ ಹಾಲಿನ ಲೋಟ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಕುಡಿದು ಹೋಗು."

ತೇಜಶ್ರೀ ಲೋಟ ನೋಡಿದಳು, ಕೈ ಚಾಚಲಿಲ್ಲ.

"ಬರೀ ಹಾಲು ಕಣೇ." ಮಹಾನಂದಮ್ಮ ಲೋಟವನ್ನು ಇನ್ನಷ್ಟು ಮುಂದಕ್ಕೆ ಹಿಡಿದರು. "ಬೇಕಾದ್ರೆ ನೋಡು."

ಆ ಮನೆಯಲ್ಲಿ ನೀರನ್ನೂ ಎತ್ತಿ ಕುಡಿಯಬೇಕು, ಲೋಟಕ್ಕೆ ತುಟಿ ತಾಗಿದರೆ ಎಂಜಲು. ಮಹಾನಂದಮ್ಮ ಲೋಟವನ್ನು ಬಾಯಿಗೆ ಕಚ್ಚಿ, ಒಂದು ಗುಟುಕು ಕುಡಿದರು. ಆಮೇಲೆ ಹೊರಗಾದ ಸೊಸೆಯ ಕೈಯನ್ನು, ಗೌರಿಹಬ್ಬದ ಹಿಂದಿನ ದಿನ, ಹೆಂಚಿಗೆ ಮತ್ತೆ ಒಬ್ಬಟ್ಟು ಹಾಕಬೇಕಾದ ತಮ್ಮ ಕೈಯಿಂದಲೇ ಹಿಡಿದುಕೊಂಡು, ಲೋಟವನ್ನು ಅದರೊಳಗಿಟ್ಟರು. ಹಣೆಯ ಮೇಲೆ ಒಲೆಯ ಬೆವರಿತ್ತು, ಕಣ್ಣು ತುಂಬಿತ್ತು. ಇಷ್ಟಾದರೂ ತೇಜಶ್ರೀಗೆ ಒಮ್ಮೆ ಅವರ ಹೆಗಲಿಗೆ ತಲೆಯಿಡೋಣ ಅನ್ನಿಸಿತು. ಲೋಟವನ್ನು ಬಾಯಿಯ ತನಕ ತಂದಳು.

ತಂದವಳು ಬಗ್ಗಿ ಲೋಟದ ತಳ ನೋಡುತ್ತಿದ್ದಳು. ಕೆನೆಯನ್ನು ಬೆರಳಿಂದ ಸರಿಸಿ ನೋಡುತ್ತಿದ್ದಳು. ಇನ್ನು ಮುಂದೆ ಈ ಮನೆಯಲ್ಲಿ ಪ್ರತಿ ಲೋಟವನ್ನೂ ಹೀಗೇ ನೋಡುತ್ತೇನೆ ಎಂದು ಅವಳಿಗೆ ಗೊತ್ತಾಯಿತು.

ಲೋಟವನ್ನು ಅತ್ತೆಯ ಕೈಗೆ ವಾಪಸ್ಸು ಕೊಟ್ಟಳು.

"ಸಿಂಗಾರಿಗೆ ಹಾಕಿ ಅತ್ತೆ. ಅದು ಇನ್ನೂ ನಿಮ್ಮನ್ನ ನಂಬುತ್ತೆ."

ಬ್ಯಾಗು ಎತ್ತಿಕೊಂಡು ಹಜಾರ ದಾಟಿದಳು. ಹಿಂದೆ ಬೋಗುಣಿಗೆ ಹಾಲು ಸುರಿದ ಸದ್ದು ಕೇಳಿತು. ಆಮೇಲೆ, ಪ್ಲಾಸ್ಟಿಕ್ಕಿನ ಕೊರಳಪಟ್ಟಿ ನೆಲಕ್ಕೆ ತಾಗಿಸಿಕೊಂಡು, ಆತುರ ಆತುರವಾಗಿ ನೆಕ್ಕುವ ಸದ್ದು.